ಬೂಸ್ಟಕ್ಕನ ಎರಡು ಮಡಿ

ಬಾಳೆ ಸಸಿಗಳ ನರ್ಸರಿಯಲ್ಲಿ ಅವಳನ್ನು ಎಲ್ಲರೂ ಬೂಸ್ಟಕ್ಕ ಎಂದೇ ಕರೆಯುತ್ತಿದ್ದರು. ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳು ಸಾಕುತ್ತಿದ್ದದ್ದು ಬೂಸ್ಟನ್ನೇ. ಹಳಸಿದ ಬ್ರೆಡ್ಡಿನ ಮೇಲೆ ಬರುವಂಥದ್ದಲ್ಲ; ಗಿಡದ ಬೇರಿನಲ್ಲೇ ಸಂಸಾರ ಹೂಡಿ, ಬೇರಿಗೆ ಎಟುಕದ ಕಡೆಯಿಂದ ನೀರು, ಸಾರ ಎಳೆದು ತಂದು ಬಾಡಿಗೆ ತೀರಿಸುವಂಥದ್ದು. ಮರಳಿನ ಕುಂಡಗಳಲ್ಲಿ ಜೋಳ ಬೆಳೆಸಿ, ಅದರ ಬೇರಿಗೆ ಬೂಸ್ಟು ಹತ್ತಿದ ಮೇಲೆ ಮರಳಿನ ಸಮೇತ ಕತ್ತರಿಸಿ, ಬಾಳೆ ಸಸಿಯ ಬುಡಕ್ಕೆ ಒಂದೊಂದು ಹಿಡಿ ಹಾಕುತ್ತಿದ್ದಳು. ಟ್ರೇ ತೊಳೆದು ತೊಳೆದು ಬೆರಳ ಸಂದು ಕೊಳೆತಿದ್ದವಳಿಗೆ ಆ ಶೆಡ್ಡೇ ಅರಮನೆ.

ಮಾಲೀಕರು ಕೊನೆಗೂ ಒಪ್ಪಿದ್ದರು. "ಎರಡು ಸಸಿ ಮಡಿ ನಿನ್ನ ಕೈಗೆ ಬಿಟ್ಟಿದೀನಮ್ಮ. ಪಕ್ಕದ್ದಕ್ಕಿಂತ ಚೆನ್ನಾಗಿ ಬಂದ್ರೆ ಶೆಡ್ಡು ನಿಂದೇ. ಇಲ್ಲಾಂದ್ರೆ ವಾಪಸ್ ಟ್ರೇ ತೊಳಿ."

ಆ ಮಡಿಗಳಿಗೆ ರೋಗದ ಬೂಸ್ಟು ಕೊಲ್ಲುವ ಔಷಧಿ ಸೋಕಬಾರದು, ಸೋಕಿದರೆ ತನ್ನ ಬೂಸ್ಟೂ ಸಾಯುತ್ತದೆ ಎಂದು ಅವಳು ಮಾಲೀಕರಿಗೆ ಹೇಳಿದಳು, ನೀರು ಬಿಡುವವನಿಗೆ ಹೇಳಿದಳು, ಕಳೆ ಕೀಳುವವರಿಗೂ ಹೇಳಿದಳು. ಊರಿಗೆಲ್ಲ ಡಂಗುರ ಸಾರಿದವಳು ಔಷಧಿ ಹುಯ್ಯುವವನಿಗೇ ಹೇಳಲಿಲ್ಲ. ಅವನು ಅವಳ ಗಂಡ. ಶೆಡ್ಡು ಸಿಕ್ಕ ದಿನವೇ ಅವನೊಂದು ಕಟ್ಟಳೆ ಹಾಕಿದ್ದ: "ಊಟಕ್ಕೆ ಕೂತಾಗ ಬೂಸ್ಟಿನ ಮಾತು ಎತ್ತಬೇಡ ಕಣೇ, ತಿಂದಿದ್ದೆಲ್ಲ ವಾಪಸ್ ಬರುತ್ತೆ." ಗಂಡ ಹೆಂಡತಿ ಎದುರುಬದುರು ಕೂರುತ್ತಿದ್ದದ್ದೇ ಊಟಕ್ಕೆ. ಮಾಲೀಕರು ಹೇಳಿರುತ್ತಾರೆ ಎಂದು ಅವಳು ಸುಮ್ಮನಿದ್ದಳು. ಮಾಲೀಕರು ಮರೆತಿದ್ದರು.

ಮಾಲೀಕರು ಸಸಿ ಅಳೆಯುವ ಹಿಂದಿನ ದಿನ ಊಟದ ನಡುವೆ ಅವನು ಹೆಮ್ಮೆಯಿಂದ ಹೇಳಿದ: "ನಾಳೆ ನಿಂದೇ ಗೆಲ್ಲೋದು ನೋಡು. ಬೇರೆ ಮಡಿಗೆ ಒಂದು ಸಲ ಔಷಧಿ ಹುಯ್ದ್ರೆ ನಿಂದಕ್ಕೆ ಎರಡು ಸಲ ಹುಯ್ದಿದೀನಿ."

ಅವಳು ಕೈಯ ತುತ್ತನ್ನು ತಟ್ಟೆಗೆ ಹಾಕಿದಳು. ಮೊದಲ ಸಲ ಕಟ್ಟಳೆ ಮುರಿದು ಎಲ್ಲವನ್ನೂ ಹೇಳಿದಳು, ಅತ್ತಳು. ಅವನು ತಟ್ಟೆ ಸರಿಸಿದ. "ಅಳಬೇಡ. ತಪ್ಪು ನಂದು ಅಂತ ನಾಳೆ ನಾನೇ ಹೇಳ್ತೀನಿ. ಅವಳಿಗೆ ಇನ್ನೊಂದು ಅವಕಾಶ ಕೊಡಿ ಅಂತ ಕೇಳ್ತೀನಿ."

ಮರುದಿನ ಮಾಲೀಕರು ಅಳತೆಕೋಲು ಹಿಡಿದರು. ಅವಳ ಸಸಿಗಳು ಪಕ್ಕದವಕ್ಕಿಂತ ಒಂದು ಬೆರಳೂ ಮೇಲಿರಲಿಲ್ಲ. ಆಗ ಅವರಿಗೆ ಏನೋ ನೆನಪಾಯಿತು.

"ಏನಯ್ಯಾ, ಇದಕ್ಕೆ ಔಷಧಿ ಗೀಷಧಿ ಹುಯ್ದಿಲ್ಲ ತಾನೆ?"

ಗಂಡ ಬೆನ್ನ ಮೇಲಿನ ಕ್ಯಾನಿನ ಪಟ್ಟಿ ಬಿಗಿ ಮಾಡಿಕೊಂಡ. "ಇಲ್ಲ ಸಾರ್," ಎಂದ.

ಅವಳು ಬಾಯಿ ತೆರೆದಳು. ಅವನ ಕೆಲಸ ಹೋದರೆ ಬೀಳುವುದು ತನ್ನ ಮನೆಯ ಒಲೆಗೇ ನೀರು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಮಧ್ಯಾಹ್ನದೊಳಗೆ ಕುಂಡಗಳನ್ನೆಲ್ಲ ಹಿತ್ತಲ ಗುಂಡಿಗೆ ಸುರಿದಾಯಿತು. ಸುರಿದವನೂ ಅವನೇ.

ಈಗ ಅವಳು ಮತ್ತೆ ಟ್ರೇ ತೊಳೆಯುತ್ತಾಳೆ. ಮನೆಯಲ್ಲಿ ಬಡಿಸುತ್ತಾಳೆ, ಎದುರಿಗೆ ಕೂತು ಉಣ್ಣುತ್ತಾಳೆ, ಮಾತಿಲ್ಲ. ತಿಂಗಳಾದ ಮೇಲೆ ಅವನಿಗೇ ತಡೆಯಲಾಗಲಿಲ್ಲ.

"ಏನಾದ್ರೂ ಮಾತಾಡೇ," ಎಂದ. "ಬೂಸ್ಟಿನ ಮಾತಾದ್ರೂ ಆಡು."

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.