ತಾರಸಿಯ ಮೇಲಿನ ಶವಯಾತ್ರೆ

ನಾನು ನಿಂತಿದ್ದದ್ದು ಕುಂದಲಹಳ್ಳಿಯ ನಮ್ಮ ಮನೆಯ ತಾರಸಿಗೆ ಹತ್ತುವ ಮೆಟ್ಟಿಲಿನ ಕೊನೆಯಲ್ಲಿ, ಎಡಗೈ ಕಂಬಿಯ ಮೇಲೆ. ಭಾನುವಾರ, ಸಂಜೆ ಏಳಕ್ಕೆ ಸ್ವಲ್ಪ ಮೊದಲು. ಆ ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದಿರದ ಕಾಲ.

ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಆಫ್ರಿಕಾದ ಹುಡುಗ, ಇಲ್ಲಿಗೆ ಬಂದು ಕನ್ನಡ ಕಲಿತಿದ್ದ ಕಾಲೇಜು ವಿದ್ಯಾರ್ಥಿ, ತನ್ನ ದೇಶದ ದೊಡ್ಡ ಹಾಡುಗಾರನೊಬ್ಬನ ಮೇಲಿನ ಸಾಕ್ಷ್ಯಚಿತ್ರವನ್ನು ಮೂವರು ಗೆಳೆಯರಿಗೆ ತೋರಿಸುತ್ತಿದ್ದ. ಲ್ಯಾಪ್‌ಟಾಪಿಗೊಂದು ಪ್ರೊಜೆಕ್ಟರ್, ನೀರಿನ ಟ್ಯಾಂಕಿನ ಗೋಡೆಯೇ ಪರದೆ. ಅನುಮತಿ ಕೊಟ್ಟವನು ನಾನು.

ಪಕ್ಕದ ಬೀದಿಯಲ್ಲಿ ಬೆಳಿಗ್ಗೆ ಒಬ್ಬ ಹಿರಿಯರು ತೀರಿಕೊಂಡಿದ್ದರು. ಹೆಣ ಮಣ್ಣಾಗುವವರೆಗೆ ಸುತ್ತಲಿನ ಮನೆಗಳಲ್ಲಿ ಹಾಡು, ಟಿವಿ ಹಾಕುವಂತಿಲ್ಲ. ಮೂರು ಗಂಟೆಗೆ ಎತ್ತುತ್ತಾರೆಂದು ಕೇಳಿದ್ದೆ, ಎತ್ತಿದರೆಂದೇ ತಿಳಿದಿದ್ದೆ. ಅವರ ಮಗಳು ಬರುವುದು ತಡವಾಗಿ ಮಾರನೆಯ ದಿನಕ್ಕೆ ಇಟ್ಟುಕೊಂಡಿದ್ದರು. ಹೋಗಿ ನೋಡಿ ಬರುವಷ್ಟು ದೂರವೂ ಇರಲಿಲ್ಲ. ನಾನು ಹೋಗಿರಲಿಲ್ಲ.

ಆರು ಜನ ಹತ್ತಿ ಬಂದರು. ಮುಂದೆ ಸತ್ತವರ ಅಣ್ಣನ ಮಗ. ಕೈಯಲ್ಲಿ ಚಟ್ಟಕ್ಕೆ ಕಡಿದು ಉಳಿದ ಹಸಿ ಬಿದಿರು.

"ಯಾವನೋ ಅವ್ನು, ಸಾವಿನ ಮನೆ ಮುಂದೆ ಡ್ಯಾನ್ಸ್ ಇಟ್ಟಿರೋನು?"

ತಪ್ಪು ನನ್ನದು, ಅವನನ್ನು ಬಿಡಿ ಎಂದೆನೋ, ಅನ್ನಬೇಕೆಂದುಕೊಂಡೆನೋ, ಇವತ್ತಿಗೂ ಖಚಿತವಿಲ್ಲ. ಅಡ್ಡ ನಿಲ್ಲಲಿಲ್ಲ ಎನ್ನುವುದು ಖಚಿತ. ಅಣ್ಣನ ಮಗ ನನ್ನ ಭುಜ ತಾಗಿಸಿಕೊಂಡು ಹೋದ. ಹುಡುಗ ಎದ್ದು ನಿಂತು ಎರಡೂ ಅಂಗೈ ತೋರಿಸಿದ. ಬಿದಿರು ಮೇಲೆದ್ದಿತು.

"ತಡ್ಯೋ ಮಗ."

ಹಾಗೆಂದವನು ಕೊನೆಯಲ್ಲಿ ಏದುಸಿರು ಬಿಡುತ್ತ ಹತ್ತಿ ಬಂದ ಮುದುಕ, ನಮ್ಮ ಹಳ್ಳಿಯ ಸಾವುಗಳಿಗೆಲ್ಲ ತಮಟೆ ಬಡಿದವನು. ತಮಟೆ ಹೆಗಲಲ್ಲೇ ಇತ್ತು. ಅವನು ಗೋಡೆ ನೋಡುತ್ತಿದ್ದ. ಗೋಡೆಯ ಮೇಲೆ ಸಾವಿರಾರು ಜನ ಒಂದು ಶವಪೆಟ್ಟಿಗೆ ಹೊತ್ತು, ಡೋಲು ಬಡಿದು, ಕುಣಿದು ಸಾಗುತ್ತಿದ್ದರು.

"ಅದು ಎಣದ ಮುಂದಿನ ಬಡಿತ. ಕಾಣಾಕಿಲ್ವ? ಎತ್ತಿದ ಮ್ಯಾಲೆ ಗುಂಡಿ ಮುಟ್ಟೋಗಂಟ ನಿಲ್ಲಿಸಂಗಿಲ್ಲ. ಯಾರ ಎಣ ಆದ್ರೇನು? ಮುಗೀಲಿ."

ನಮ್ಮಲ್ಲಿ ಆ ಮಾತಿಗೆ ಎದುರಿಲ್ಲ. ಆರೂ ಜನ ನಿಂತು ನೋಡಿದರು.

"ಯಾರಪ್ಪ ಓಗಿರೋದು?" ಮುದುಕ ಹುಡುಗನನ್ನು ಕೇಳಿದ.

"ಹಾಡೋರು, ತಾತ. ಸರ್ಕಾರನ ಬೈದು ಹಾಡ್ತಿದ್ರು. ತುಂಬ ಸಲ ಜೈಲು."

"ಪದ ಕಟ್ಟಿದ್ದಕ್ಕಾ?"

"ಹೂಂ. ಹೊಡೆದ್ರು, ಕೈ ಮುರಿದ್ರು."

"ಆಮ್ಯಾಕೆ?"

"ಆಮೇಲೂ ಹಾಡಿದ್ರು."

ಹಿಂದಿನಿಂದ ಒಬ್ಬ, "ನಮ್ ಮೋರಿ ಮೇಲೊಂದು ಪದ ಕಟ್ಟು ಗುರು, ನಿನ್ನೂ ಒಳಗೆ ಹಾಕ್ತಾರೆ" ಎಂದ. ಇಬ್ಬರು ನಕ್ಕರು. ಬಿದಿರು ಯಾವಾಗ ಕೆಳಗಿಳಿಯಿತೋ ನಾನು ನೋಡಲಿಲ್ಲ. ನೋಡಿದಾಗ ಅಣ್ಣನ ಮಗ ಅದನ್ನು ಊರಿಕೊಂಡು ನಿಂತಿದ್ದ.

ಗೋಡೆಯ ಮೇಲಿನ ಚಿತ್ರದಲ್ಲಿ ಗುಂಡಿಗೆ ಮಣ್ಣು ಬಿದ್ದಿತು. ಹುಡುಗ ತಾನಾಗಿ ಲ್ಯಾಪ್‌ಟಾಪ್ ಮುಚ್ಚಿದ. "ಗೊತ್ತಿರ್ಲಿಲ್ಲ ಅಣ್ಣ, ಸಾರಿ. ಅವ್ರನ್ನ ನೋಡೋಕೆ ನಾನೂ ಬರ್ಲಾ?"

ಅಣ್ಣನ ಮಗ ಬಿದಿರನ್ನು ಗೋಡೆಗೆ ಒರಗಿಸಿದ. "ಚಪ್ಪಲಿ ಹೊರಗೆ ಬಿಡು. ಬಂದು ಸ್ನಾನ ಮಾಡ್ಬೇಕು, ನೀರಿದೆಯಾ?"

"ಇದೆ" ಎಂದೆ ನಾನು. ಅದೊಂದು ಮಾತು ಸ್ಪಷ್ಟವಾಗಿ ಹೊರಬಂತು. ಅವರೆಲ್ಲ ಒಟ್ಟಿಗೆ ಇಳಿದು ಹೋದ ಮೇಲೆ ಮೆಟ್ಟಿಲ ಮೇಲೆ ಕುಳಿತೆ. ಎದೆ ಹಗುರಾಗಿತ್ತು.

ಮುದುಕ ಈಗಿಲ್ಲ. ಇದನ್ನು ಕಂಡವರಲ್ಲಿ ನನಗೆ ಇಂದಿಗೂ ಸುದ್ದಿ ಗೊತ್ತಿರುವುದು ಮೂವರದು: ಬಟ್ಟೆ ತೆಗೆಯಲು ಬಂದು ಟ್ಯಾಂಕಿನ ಪಕ್ಕ ನಿಂತುಬಿಟ್ಟಿದ್ದ ನನ್ನ ಹೆಂಡತಿ. ಈಗ ನೀರಿನ ಟ್ಯಾಂಕರ್ ಓಡಿಸುವ ಆ ಅಣ್ಣನ ಮಗ. ತನ್ನೂರಿನಲ್ಲಿ ಮೇಷ್ಟರಾಗಿರುವ ಆ ಹುಡುಗ.