ಸುಭದ್ರಕ್ಕ ಅಳೆದ ಪೈಪೋಟಿ

ಸುಭದ್ರಕ್ಕ ತುಂಬಿ ತರುತ್ತಿದ್ದ ಸರ್ವೇ ಫಾರ್ಮುಗಳಲ್ಲಿ ಚೌಕಗಳಿಗಿಂತ ಅಂಚುಗಳೇ ಹೆಚ್ಚು ಕಪ್ಪಾಗಿರುತ್ತಿದ್ದವು. ಚೌಕದೊಳಗೆ ಟಿಕ್ ಹಾಕಿದರೆ ಸಾಕೆಂದು ಆಫೀಸಿನವರು ಎಷ್ಟು ಸಲ ಹೇಳಿದರೂ ಕೇಳದೆ, ಜನ ಆಡಿದ ಮಾತನ್ನು ಅಂಚಿನಲ್ಲಿ ಇರುವೆಸಾಲಿನಂಥ ಕನ್ನಡದಲ್ಲಿ ಬರೆದೇ ತರುತ್ತಿದ್ದರು. ಮುಂಬೈ ಪವಾಯಿಯ ನಮ್ಮ ಮಾರುಕಟ್ಟೆ ಸಮೀಕ್ಷೆಯ ಆಫೀಸಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಉಡುಪಿ ಕಡೆಯವರ ಮಗನಾಗಿ ವಡಾಲದ ಕನ್ನಡ ಶಾಲೆಯಲ್ಲಿ ಕಲಿತಿದ್ದರಿಂದ ಅವರ ಫಾರ್ಮುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು.

ವಿಜಯಪುರದ ಹಳ್ಳಿಯಿಂದ ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಭಾಂಡುಪಿಗೆ ಬಂದು, ಆತ ತೀರಿಕೊಂಡ ಮೇಲೆ ಸರ್ವೇ ಕೆಲಸ ಹಿಡಿದವರು ಅವರು. ಸೋಪಿರಲಿ, ಬಿಸ್ಕತ್ತಿರಲಿ, ಕೊನೆಗೆ ತಮ್ಮದೇ ಒಂದು ಪ್ರಶ್ನೆ ಸೇರಿಸುತ್ತಿದ್ದರು: "ಇದು ಬ್ಯಾಡಂದ್ರ ಮತ್ತೆಲ್ಲಿ ಹೋಗ್ತೀರಿ?" ಯಾಕೆಂದು ಕೇಳಿದರೆ, "ಅದಾ ಖರೇ ಲೆಕ್ಕ ತಮ್ಮಾ. ಅಂಗಡಿ ಎಷ್ಟಾರ ಇರ್ಲಿ, ಅಲ್ಲೀತನಕ ಮನಶಾ ಮುಟ್ಟಬೇಕಲ್ಲ?" ಎನ್ನುತ್ತಿದ್ದರು.

ಒಮ್ಮೆ ಡಯಾಲಿಸಿಸ್ ಸೆಂಟರುಗಳ ಕೆಲಸ ಬಂತು. ಭಾಂಡುಪಿನಲ್ಲಿ ಆಗಲೇ ಒಂದು ಸೆಂಟರ್ ನಡೆಸುತ್ತಿದ್ದ ದೊಡ್ಡ ಕಂಪನಿ ಅಲ್ಲಿನ ಎರಡನೆಯದನ್ನೂ ಕೊಳ್ಳುವುದರಲ್ಲಿತ್ತು. ಕೊಂಡರೂ ಪೈಪೋಟಿ ಉಳಿಯುತ್ತದೆಯೇ, ಅಂದರೆ ರೋಗಿಗಳಿಗೆ ಬೇರೆಯವರ ಸೆಂಟರೂ ಸಿಗುತ್ತದೆಯೇ ಎಂದು ಆ ಕಂಪನಿಗಾಗಿ ಅಳೆದು ಹೇಳುವುದು ನಮ್ಮ ಕೆಲಸ. ನಾನು ಕಂಪ್ಯೂಟರಿನ ನಕ್ಷೆಯಲ್ಲಿ ಭಾಂಡುಪಿನ ಸುತ್ತ ದೊಡ್ಡದೊಂದು ವೃತ್ತ ಎಳೆದೆ. ಆ ಎರಡನೆಯದು ಬಿಟ್ಟರೆ ಹತ್ತಿರದವೆಲ್ಲ ಆ ಕಂಪನಿಯವೇ; ಬೇರೆಯವರ ಸೆಂಟರುಗಳು ವಡಾಲದ ಕಡೆ ಸಿಕ್ಕವು. ಪೈಪೋಟಿ ಚೆನ್ನಾಗಿದೆ ಎಂದಿತು ಲೆಕ್ಕ.

ಸುಭದ್ರಕ್ಕನ ಫಾರ್ಮುಗಳ ಅಂಚಿನಲ್ಲಿ ಮಾತ್ರ ರೋಗಿಗಳ ಒಂದೇ ಉತ್ತರ: "ಎಲ್ಲೂ ಇಲ್ಲ."

ಫೋನ್ ಮಾಡಿದೆ. "ಅಕ್ಕಾ, ವಡಾಲದಲ್ಲಿ ಉಂಟಲ್ಲ?"

"ನಾಳೆ ಮುಂಜಾನೆ ಭಾಂಡುಪ್ ಸ್ಟೇಷನ್ನಿಗೆ ಬರ್ರಿ," ಎಂದರು.

ಮರುದಿನ ಅವರ ಜೊತೆ, ಅವರ ಫಾರ್ಮಿಗೆ ಉತ್ತರ ಕೊಟ್ಟಿದ್ದ ರೋಗಿ ಭೀಮಣ್ಣ ಬಂದಿದ್ದರು. ಗಾರೆ ಕೆಲಸ ಮಾಡುತ್ತಿದ್ದವರು, ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ವಡಾಲದಲ್ಲಿ ತಮಗೆ ಜಾಗ ಸಿಗುತ್ತದೆಯೇ ಎಂದು ವಿಚಾರಿಸಲು ತಾವಾಗಿಯೇ ಹೊರಟಿದ್ದರು. ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದು, ವಡಾಲಕ್ಕೆ ಹೋಗುವ ಹಾರ್ಬರ್ ಲೈನಿನ ರೈಲಿಗಾಗಿ ಬ್ರಿಜ್ ಹತ್ತಿದೆವು. ಅರ್ಧ ಮೆಟ್ಟಿಲಲ್ಲೇ ಭೀಮಣ್ಣ ಕೂತುಬಿಟ್ಟರು. ಹಿಂದಿನಿಂದ ಜನ "ಚಾಚಾ, ಸೈಡ್ ಮೇ!" ಎಂದು ರೇಗುತ್ತ ನುಗ್ಗುತ್ತಿದ್ದರು.

"ಇವತ್ತ ಸೂಜಿ ಇಲ್ಲದ ದಿನಾನ ಹಿಂಗ," ಎಂದರು ಭೀಮಣ್ಣ ಏದುಸಿರಿನಲ್ಲಿ. "ಸೂಜಿ ಚುಚ್ಚಿಸಿಕೊಂಡ ದಿನ ತಿರುಗಿ ಹ್ಯಾಂಗ ಹೋಗ್ಲಿ?"

ಸುಭದ್ರಕ್ಕ ನನ್ನತ್ತ ತಿರುಗಿದರು. ಅಂದು ತಮ್ಮಾ ಎನ್ನಲಿಲ್ಲ. "ಬರ್ಕೋರಿ ಸಾಹೇಬ್ರ. ನೀವು ಎಳೆದ ಗೆರಿ ಇಲ್ಲೀಗೇ ಮುಗೀತು."

ಅಲ್ಲಿಂದಲೇ ವಾಪಸಾದೆವು. ನಾನು ವೃತ್ತವನ್ನು ಚಿಕ್ಕದು ಮಾಡಿ, ಪೈಪೋಟಿ ಉಳಿಯುವುದಿಲ್ಲವೆಂದು ವರದಿ ತಿದ್ದಿದೆ. ಮೇಲಿನವರು ಓದಿ ನಕ್ಕರು. "ರಿಪೋರ್ಟ್ ಮೇ ಸೀಢಿ ನಹೀ ಆತೀ," ವರದಿಯಲ್ಲಿ ಮೆಟ್ಟಿಲು ಬರುವುದಿಲ್ಲವಂತೆ! ಹಳೆಯ ವೃತ್ತವನ್ನೇ ಕೂರಿಸಿದರು. ನಾನು ಬಾಯಿ ಮುಚ್ಚಿಕೊಂಡೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ, ಅವರ ಮೇಲಷ್ಟೇ ಅಲ್ಲ.

ಮಾರಾಟ ಮುಗಿಯಿತು. ಕೆಲವೇ ತಿಂಗಳಲ್ಲಿ ಕಂಪನಿ ಆ ಎರಡನೆಯ ಸೆಂಟರಿಗೆ ಬೀಗ ಹಾಕಿ ಎಲ್ಲ ರೋಗಿಗಳನ್ನೂ ಒಂದರಲ್ಲೇ ತುಂಬಿತು. ಭೀಮಣ್ಣನ ವಾರದ ಮೂರು ಸರದಿ ಎರಡಾಯಿತು. ಅದು ಸಾಲದೆಂದು ಡಾಕ್ಟರರಿಗೂ ಗೊತ್ತಿತ್ತು, ಕಂಪನಿಗೂ ಗೊತ್ತಿತ್ತು.

ಸುಭದ್ರಕ್ಕ ನೇರ ಆಫೀಸಿಗೆ ಬಂದರು. ವರದಿ ತೆಗೆಸಿ, ತಾವು ತಂದ ಉತ್ತರಗಳು ಎಲ್ಲಿವೆ ಓದಿ ಎಂದರು. "ರೋಗಿಗಳಿಗೆ ಸಾಕಷ್ಟು ಪರ್ಯಾಯಗಳಿವೆ," ಎಂಬ ವರದಿಯ ಸಾಲನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ.

"ಹಿಂಗಂತ ಯಾರು ಹೇಳ್ಯಾರ? ಯಾವ ಮನ್ಯಾಗ? ಹೆಸರು ಹೇಳ್ರಿ!"

ವರದಿಯ ಕೊನೆಯ ಪುಟದಲ್ಲಿ ಸರ್ವೇ ಮಾಡಿದವರ ಪಟ್ಟಿಯಿತ್ತು, ಕೆಳಗೆ ವರದಿ ಬರೆದವನೆಂದು ನನ್ನ ಹೆಸರು. ಸುಭದ್ರಕ್ಕ ನನ್ನ ಪೆನ್ನು ಕಿತ್ತುಕೊಂಡು ತಮ್ಮ ಹೆಸರನ್ನು ಹಾಳೆ ಹರಿಯುವಂತೆ ಹೊಡೆದುಹಾಕಿದರು. "ನಿಮ್ಮ ಹೆಸರು ಏನ್ ಮಾಡ್ತೀರೋ ನೀವಾ ನೋಡ್ಕೋರಿ," ಎಂದು ಹೊರಟೇಹೋದರು.

ನಾನು ನೋಡಿಕೊಳ್ಳಲು ತಿಂಗಳುಗಳೇ ಹಿಡಿದವು. ಕೊನೆಗೆ ಕುರ್ಲಾದ ಮೆಟ್ಟಿಲು, ಫಾರ್ಮಿನ ಮಾತು, ನನ್ನ ತಪ್ಪು ಎಲ್ಲವನ್ನೂ ಬರೆದು, ಇಂಥ ಮಾರಾಟಗಳನ್ನು ಪರಿಶೀಲಿಸುವ ಸರ್ಕಾರಿ ಕಚೇರಿಗೆ ಕಳಿಸಿದೆ. ಅದರ ಪ್ರತಿ ಹಿಡಿದು ಭಾಂಡುಪಿನ ಚಾಳ್ ವಠಾರದಲ್ಲಿದ್ದ ಅವರ ಕೋಣೆಗೆ ಹೋದರೆ ಬಾಗಿಲಿಗೆ ಬೀಗ.

"ಸೊಲ್ಲಾಪುರಕ್ಕ ಮಗಳ ಮನೀಗಿ ಹೋದ್ರರೀ," ಎಂದಳು ಪಕ್ಕದ ಖೋಲಿಯಾಕೆ. "ಭೀಮಣ್ಣ ಸತ್ತ ಮ್ಯಾಲ ಅವ್ರಿಗೆ ಇಲ್ಲಿ ಇರೂದಾ ಬ್ಯಾಡಾಗಿತ್ತು. ಏನರ ಹೇಳೂದಿತ್ತೇನ್ರಿ?"

ಪತ್ರ ನನ್ನ ಕೈಯಲ್ಲೇ ಇತ್ತು. ಏನೂ ಇಲ್ಲವೆಂದು ತಲೆಯಾಡಿಸಿ ಇಳಿದು ಬಂದೆ.