ಹಿಡಿ ಅಕ್ಕಿ ನಿಲ್ಲಿಸಿದ ವರ್ಷ

2018ರ ಜೂನ್ ಮೊದಲ ಭಾನುವಾರ ಪಾಂಡವಪುರದ ನಮ್ಮ ಚರ್ಚಿನಲ್ಲಿ ಹಿಡಿ ಅಕ್ಕಿ ಕಾಣಿಕೆ ನಿಂತಿತು. ನಿಲ್ಲಿಸೋಣ ಎಂದವನು ನಾನು. ಆಗ ಸಭೆಯ ಕಾರ್ಯದರ್ಶಿಯಾಗಿದ್ದೆ; ವೃತ್ತಿಯಿಂದ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ.

ಅಡುಗೆಗೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು ನಮ್ಮಲ್ಲಿ ಪದ್ಧತಿ. ತಿಂಗಳ ಮೊದಲ ಭಾನುವಾರ ಅದನ್ನು ಚೀಲದಲ್ಲಿ ತಂದು ಎಲ್ಲರೂ ಒಂದೇ ಮಂಕರಿಗೆ ಸುರಿಯುತ್ತಿದ್ದರು. ಯಾರು ಎಷ್ಟು ತಂದರು ಎಂಬುದು ಸುರಿದ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮವ್ವ ಜ್ವರ ಬಂದ ದಿನವೂ ಅದನ್ನು ತಪ್ಪಿಸಿದವಳಲ್ಲ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಆ ಅಕ್ಕಿಯ ಹರಾಜು; ಬಂದ ಹಣ ಚರ್ಚಿಗೆ.

ಕೊನೆಕೊನೆಗೆ ಕೂಗುವವರೇ ಇರಲಿಲ್ಲ. ಸಣ್ಣಕ್ಕಿ, ದಪ್ಪಕ್ಕಿ, ರೇಷನ್ ಅಕ್ಕಿ ಎಲ್ಲ ಬೆರೆತಿರುತ್ತಿತ್ತು.

“ಇದ್ನ ಬೇಯ್ಸಿದ್ರೆ ಅರ್ಧ ಗಂಜಿ ಆಯ್ತದೆ, ಇನ್ನರ್ಧ ಹಲ್ಲು ಮುರೀತದೆ. ನಮ್ಮನೆ ಕೋಳಿಗಾಯ್ತದೆ, ಕೊಡಿ,” ಎಂದರು ಒಬ್ಬರು.

“ಕೋಳಿಗಾದ್ರೂ ಭಕ್ತಿ ಬರ್ಲಿ ಬುಡಪ್ಪ,” ಎಂದು ಅವ್ವನ ಗೆಳತಿ ಎಲ್ಲರನ್ನೂ ನಗಿಸಿದರು. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ ಅವರದು. ಗಂಡ ಇಲ್ಲ, ಮಗಳು ಮದುವೆಯಾಗಿ ಹೋಗಿದ್ದಳು, ಒಬ್ಬರೇ ಇದ್ದರು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಮಗ ಎಂದೇ ಕರೆಯುತ್ತಿದ್ದರು.

ಚರ್ಚಿನ ಸೂರು ಸೋರುತ್ತಿತ್ತು. ಅಕ್ಕಿಯ ಬದಲು ಮನೆಗೊಂದು ಲಕೋಟೆ ಕೊಡೋಣ, ಪ್ರತಿ ತಿಂಗಳು ಚರ್ಚಿನ ಫಲಕದಲ್ಲಿ ಪಟ್ಟಿ ಹಾಕೋಣ ಎಂದೆ. ಕೊಟ್ಟವರ ಹೆಸರಿನ ಮುಂದೆ ಮೊತ್ತ, ಕೊಡದವರ ಮುಂದೆ ಗೆರೆ. ಎಲ್ಲವೂ ಬಹಿರಂಗವಾಗಿರಲಿ ಎಂಬುದು ನನ್ನ ವಾದ. ಸಭಾಪಾಲಕರು ಒಪ್ಪಿದರು. ಅವ್ವನ ಗೆಳತಿಯೊಬ್ಬರೇ, “ದುಡ್ಡಿಲ್ದಿದ್ ತಿಂಗ್ಳು ಏನ್ ಮಾಡದು ಮಗ?” ಎಂದು ಕೇಳಿದರು. “ಆದಷ್ಟು ಹಾಕಿ,” ಎಂದೆ.

ಲಕೋಟೆ ಅವರಿಂದ ಬರಲಿಲ್ಲ. ಅಕ್ಕಿ ಬರುತ್ತಲೇ ಇತ್ತು. ಮಂಕರಿ ತೆಗೆದಿಟ್ಟಿದ್ದರಿಂದ ಚೀಲವನ್ನು ವರಾಂಡದ ಬೆಂಚಿನ ಕೆಳಗೆ ಇಟ್ಟು ಹೋಗುತ್ತಿದ್ದರು. ನಾನು ಅದನ್ನು ನೋಡಿದ್ದೆ. ಪಟ್ಟಿಯಲ್ಲಿ ಇದ್ದದ್ದು ರೂಪಾಯಿಯ ಕಾಲಂ ಒಂದೇ. ಬಾರದ ಹಣ ಬರೆದರೆ ಸುಳ್ಳಾಗುತ್ತದೆ ಎಂದುಕೊಂಡು ಗೆರೆ ಎಳೆದೆ. ಮೂರು ತಿಂಗಳು ಹಾಗೆಯೇ ಎಳೆದೆ. ಅಕ್ಕಿ ಎಂದು ಪಕ್ಕದಲ್ಲಿ ಬರೆಯಲು ಅರ್ಧ ನಿಮಿಷ ಸಾಕಿತ್ತು.

ನಾಲ್ಕನೆಯ ತಿಂಗಳು ಅವರು ಫಲಕದ ಮುಂದೆ ನಿಂತಿದ್ದರು. ಓದಲು ಬರುತ್ತಿರಲಿಲ್ಲ.

“ಮಗ, ನನ್ನೆಸ್ರು ಎಲ್ಲೈತೆ ತೋರ್ಸು.”

ಬೆರಳಿಟ್ಟು ತೋರಿಸಿದೆ.

“ಅದ್ರ ಮುಂದೆ ಏನೈತೆ?”

“ಗೆರೆ ಕಣಮ್ಮ.”

“ಅಂಗಂದ್ರೆ?”

“ಏನೂ ಕೊಟ್ಟಿಲ್ಲ ಅಂತ,” ಎಂದು ಹಿಂದೆ ನಿಂತಿದ್ದ ಯಾರೋ ಹೇಳಿಬಿಟ್ಟರು.

“ನನ್ನಕ್ಕಿ ಏನಾಯ್ತು?” ಎಂದು ಅವರು ನನ್ನನ್ನೇ ಕೇಳಿದರು. ಕೋಳಿ ಸಾಕಿದವರಿಗೆ ಕೊಟ್ಟೆ ಎಂದೆ. ಅದು ನಿಜವೂ ಆಗಿತ್ತು.

“ನಿಮ್ಮವ್ವ ಇದ್ದಿದ್ರೆ ಅವಳೆಸ್ರು ಮುಂದೂ ಗೆರೆ ಎಳೀತಿದ್ದೇನ್ಲಾ?”

ಅವರು ನನಗೆ ‘ಲಾ’ ಎಂದದ್ದು ಅದೇ ಮೊದಲು. ರೂಲು ಎಲ್ಲರಿಗೂ ಒಂದೇ ಎಂದು ಉತ್ತರ ಕೊಟ್ಟೆ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಆ ಮಾತಿಗೆ ನಾನು ಹಾಕಲಿಲ್ಲ.

ಮುಂದಿನ ಎರಡು ಭಾನುವಾರ ಅವರು ಬರಲಿಲ್ಲ. ತಪ್ಪಾಯಿತು ಎನ್ನಲೆಂದೇ ಮನೆಗೆ ಹೋದೆ. ಕಾಫಿ ಕೊಟ್ಟರು. “ಕಾಲ್ನೋವು ಕಣಪ್ಪ, ಅಷ್ಟು ದೂರ ನಡೆಯಕ್ಕಾಗಕಿಲ್ಲ,” ಎಂದರು. ದಿನವೂ ಅದಕ್ಕಿಂತ ದೂರದ ಆಲೆಮನೆಗೆ ನಡೆದೇ ಹೋಗುತ್ತಿದ್ದರು. ನಾನು ಬೆಲ್ಲದ ಧಾರಣೆ ವಿಚಾರಿಸಿ ಎದ್ದು ಬಂದೆ.

ಸೂರಿನ ಕೆಲಸ ಮರುವರ್ಷ ಮುಗಿಯಿತು. ಪಟ್ಟಿ ಹಾಕುವುದನ್ನು ಆಮೇಲೆ ನಿಲ್ಲಿಸಿದೆವು. ಈಗ ಬಾಗಿಲ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದ್ದೇವೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆಗೆ ಹೋಗಿ ನೆಲೆಸಿದವರೂ ಅಲ್ಲಿಂದಲೇ ಕಳಿಸುತ್ತಾರೆ. ಕಾಣಿಕೆ ಹಿಂದೆಂದೂ ಇಷ್ಟು ಬಂದಿರಲಿಲ್ಲ. ಆರಾಧನೆಗೆ ಬರುವವರು ಕಡಿಮೆ.

ಅವ್ವನ ಗೆಳತಿ ಈಗ ನಾಗಮಂಗಲದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದ ವಾರ ಫೋನು ಮಾಡಿದ್ದೆ. ಮಗಳು ಎತ್ತಿಕೊಂಡಳು. ಅಲ್ಲಿಯ ಚರ್ಚು ಎರಡು ಬೀದಿ ಆಚೆಗಿದೆ, ತನ್ನವ್ವ ಒಂದು ಭಾನುವಾರವೂ ಹೋಗಿಲ್ಲ ಎಂದಳು.